ಗಂಡಸರ ಸಂತಾನಶಕ್ತಿ: ಬಾಲ್ಯದ ಬವಣೆ ಮತ್ತು ಮದ್ಯಪಾನದ ಪರಿಣಾಮ



ಈ ಪುಟದಲ್ಲಿ ಸಾಮಾನ್ಯವಾಗಿ ಬೋರ್ಡೋ ದ್ರಾವಣದ ಪ್ರಮಾಣ, ಕೊಳೆರೋಗ, ಕಾಂಡಕೊರಕ, ಗೊಬ್ಬರದ ದಾಸ್ತಾನು, ಸಾಲದ ಕಂತು ಇಂಥ ವಿಚಾರಗಳು ಬರುತ್ತಿರುತ್ತವೆ. ಈ ಸಂಚಿಕೆಯಲ್ಲಿ ಗಂಡಸರ ಸಂತಾನಶಕ್ತಿಯ ವಿಷಯ ಬರೆಯುತ್ತೇನೆಂದಾಗ ಆಡಳಿತ ಮಂಡಳಿಯ ಇಬ್ಬರು ನಿರ್ದೇಶಕರು, "ಪತ್ರಿಕೆಯನ್ನು ಮನೆಯಲ್ಲಿ ಹೆಂಗಸರು ಮಕ್ಕಳೂ ಓದುತ್ತಾರಲ್ಲ" ಎಂದು ಸಂಕೋಚ ವ್ಯಕ್ತಪಡಿಸಿದರು. ಅವರೆಲ್ಲರೂ ಓದಲಿ ಎಂಬುದೇ ನನ್ನ ಉದ್ದೇಶ. ಹೂವು ಕಾಯಿ ಕಟ್ಟದಿದ್ದರೆ ಮಣ್ಣು ಪರೀಕ್ಷೆ ಮಾಡಿಸುತ್ತೇವೆ, ಹೂಮಳೆ ಯಾವಾಗ ಬಂತು ಎಂದು ಡೈರಿ ತೆಗೆದು ನೋಡುತ್ತೇವೆ, ಜೇನುಹುಳು ಇದೆಯೇ ಎಂದು ವಿಚಾರಿಸುತ್ತೇವೆ. ಮನೆಯಲ್ಲಿ ಮಗು ಆಗದಿದ್ದರೆ ಮಾತ್ರ ಏನನ್ನೂ ವಿಚಾರಿಸದೆ ಸೊಸೆಯ ಕಡೆಗೆ ಬೆರಳು ತೋರಿಸುತ್ತೇವೆ.

ಬರೆಯಲು ಕಾರಣವಾದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಳೆದ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ಹಿರಿಯ ಸದಸ್ಯರೊಬ್ಬರು ಕಚೇರಿಗೆ ಬಂದು ಮೂರು ಲಕ್ಷ ಸಾಲ ಬೇಕೆಂದರು. ಸೊಸೆಯ ಚಿಕಿತ್ಸೆಗೆ. ಮದುವೆಯಾಗಿ ಆರು ವರ್ಷ. ಆ ಹುಡುಗಿಗೆ ಗರ್ಭಕೋಶ ಸ್ವಚ್ಛಗೊಳಿಸುವ ಶಸ್ತ್ರಕ್ರಿಯೆ ಎರಡು ಸಲ ಆಗಿದೆ, ಹೊಟ್ಟೆಗೆ ರಂಧ್ರ ಮಾಡಿ ನಳಿಗೆ ನೋಡುವ ಪರೀಕ್ಷೆ ಆಗಿದೆ, ಹರಕೆ ವ್ರತಗಳಿಗೆ ಲೆಕ್ಕವಿಲ್ಲ. ಈಗ ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಂತೆ.

"ಮಗನನ್ನ ಪರೀಕ್ಷೆ ಮಾಡಿಸಿದ್ದೀರಾ ಗೌಡ್ರೆ?" ಎಂದು ಕೇಳಿದೆ.

"ಅವನಿಗೇನಾಗಿದೆ ಮಾರಾಯ? ಎರಡು ಮೂಟೆ ಕಾಫಿ ಒಟ್ಟಿಗೆ ಹೊರ್ತಾನೆ" ಎಂದರು. ಮಾತು ಮುಂದುವರಿಸಿದ್ದಕ್ಕೆ ಮುಖ ಸಿಂಡರಿಸಿಕೊಂಡು ಎದ್ದರು. ಅಡಿಕೆ ಅಡಮಾನದ ಮೇಲೆ ಸಾಲ ಮಂಜೂರಾಯಿತು, ಅದು ಬೇರೆ ಮಾತು.

ಎರಡು ಮೂಟೆ ಹೊರುವ ಶಕ್ತಿಗೂ ಸಂತಾನಶಕ್ತಿಗೂ ಸಂಬಂಧವಿಲ್ಲ. ದಾಂಪತ್ಯ ಸುಖಕ್ಕೆ ಯಾವ ಕೊರತೆಯೂ ಇಲ್ಲದ ಗಂಡಸಿನಲ್ಲಿ ವೀರ್ಯಾಣುಗಳ ಸಂಖ್ಯೆ ತೀರ ಕಡಿಮೆ ಇರಬಹುದು, ಒಂದೂ ಇಲ್ಲದಿರಬಹುದು. ಕಣ್ಣಿಗೆ ಕಾಣುವ ಯಾವ ಲಕ್ಷಣವೂ ಇರಬೇಕಾಗಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಕಡೆಯ ದೋಷವೂ ಇರುತ್ತದೆ, ಕೆಲವೊಮ್ಮೆ ಅದೊಂದೇ ಇರುತ್ತದೆ. ಪ್ರಪಂಚದಲ್ಲಿ ಆರು ಜನರಲ್ಲಿ ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಈ ತೊಂದರೆಯನ್ನು ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿತು. ಇದು ಅಪರೂಪದ ಶಾಪವೇನಲ್ಲ.

ನಾನು ಪದವಿಯಲ್ಲಿ ಪ್ರಾಣಿಶಾಸ್ತ್ರ ಓದಿದವನು. ಓದಿ ಮೂವತ್ತು ವರ್ಷ ದಾಟಿದೆ. ಆದ್ದರಿಂದ ಈ ಲೇಖನಕ್ಕಾಗಿ ಮತ್ತೆ ಪುಸ್ತಕ ಹಿಡಿಯಬೇಕಾಯಿತು, ಪರಿಚಿತ ವೈದ್ಯರೊಬ್ಬರಿಗೆ ಸಾಕಷ್ಟು ತೊಂದರೆ ಕೊಡಬೇಕಾಯಿತು.

ವೀರ್ಯಾಣು ತಯಾರಾಗುವುದು ವೃಷಣಗಳಲ್ಲಿ. ದೇಹದ ಶಾಖಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿರಬೇಕೆಂದೇ ಪ್ರಕೃತಿ ಅವನ್ನು ಹೊರಗೆ ಚೀಲದಲ್ಲಿ ಇಟ್ಟಿದೆ. ಅಲ್ಲಿ ಮುಖ್ಯವಾಗಿ ಎರಡು ಬಗೆಯ ಜೀವಕೋಶಗಳು ಕೆಲಸ ಮಾಡುತ್ತವೆ. ಒಂದು, 1850ರಲ್ಲಿ ಜರ್ಮನಿಯ ಲೈಡಿಗ್ ಗುರುತಿಸಿದ ಕೋಶ. ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನನ್ನು ತಯಾರಿಸುವುದು ಇದರ ಕೆಲಸ. ಇನ್ನೊಂದು, 1865ರಲ್ಲಿ ಇಟಲಿಯ ಸೆರ್ಟೋಲಿ ವಿವರಿಸಿದ ಕೋಶ. ಬೆಳೆಯುತ್ತಿರುವ ವೀರ್ಯಾಣುಗಳಿಗೆ ಆಸರೆ ಕೊಟ್ಟು ಉಣಿಸುವ ದಾದಿ ಇದು. ಒಂದು ವೀರ್ಯಾಣು ಮೊಳೆತು ರೂಪುಗೊಳ್ಳಲು ಸುಮಾರು 74 ದಿನ ಬೇಕು, ಅಲ್ಲಿಂದ ನಳಿಗೆಯಲ್ಲಿ ಹಾದು ಪಕ್ವವಾಗಲು ಮತ್ತೆ ಹತ್ತು ಹನ್ನೆರಡು ದಿನ. ಒಟ್ಟು ಸರಿಸುಮಾರು ಮೂರು ತಿಂಗಳು. ಈ ಮೂರು ತಿಂಗಳನ್ನು ನೆನಪಿಟ್ಟುಕೊಳ್ಳಿ. ಇಂದು ಪರೀಕ್ಷೆಗೆ ಕೊಟ್ಟ ವೀರ್ಯ ಮೂರು ತಿಂಗಳ ಹಿಂದಿನ ಜೀವನದ ಫಸಲು.

ಇಡೀ ಕಾರ್ಖಾನೆಗೆ ಅಪ್ಪಣೆ ಬರುವುದು ಮಿದುಳಿನಿಂದ. ಮಿದುಳಿನ ತಳದಲ್ಲಿರುವ ಹೈಪೊಥಾಲಮಸ್ ಎಂಬ ಭಾಗವು ಗಂಟೆ ಗಂಟೆಗೂ ಮಿಡಿತದಂತೆ ಒಂದು ಸಂಕೇತ ಕಳಿಸುತ್ತದೆ. ಅದನ್ನು ಪಡೆದ ಪಿಟ್ಯುಟರಿ ಗ್ರಂಥಿ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಅವುಗಳಲ್ಲಿ ಒಂದು ಲೈಡಿಗ್ ಕೋಶಕ್ಕೆ, ಇನ್ನೊಂದು ಸೆರ್ಟೋಲಿ ಕೋಶಕ್ಕೆ. ಮಿಡಿತ ತಪ್ಪಿದರೆ ಕೆಳಗಿನ ಕೆಲಸವೂ ತಪ್ಪುತ್ತದೆ.

ಈಗ ಬಾಲ್ಯದ ಮಾತಿಗೆ ಬರುತ್ತೇನೆ. ಸಸಿಮಡಿಯ ಕೆಲಸ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಪಾಲಿಥೀನ್ ಚೀಲದ ತಳದಲ್ಲಿ ತಾಯಿಬೇರು ಮಡಿಸಿಕೊಂಡ ಕಾಫಿ ಸಸಿಯನ್ನು ನೋಡದೆ ನೆಟ್ಟುಬಿಟ್ಟರೆ ಮೊದಲ ಒಂದೆರಡು ವರ್ಷ ಏನೂ ತಿಳಿಯುವುದಿಲ್ಲ. ಹಸಿರಾಗಿಯೇ ಇರುತ್ತದೆ. ಫಸಲಿನ ಭಾರ ಬಿದ್ದಾಗ, ಬೇಸಗೆ ಬಿಗಿಯಾದಾಗ ಮಾತ್ರ ಅದರ ಗುಟ್ಟು ಹೊರಬೀಳುತ್ತದೆ. ಆಮೇಲೆ ಎಷ್ಟು ಗೊಬ್ಬರ ಸುರಿದರೂ ಮಡಿಸಿದ ಬೇರು ನೆಟ್ಟಗಾಗುವುದಿಲ್ಲ.

ಮೇಲೆ ಹೇಳಿದ ದಾದಿ ಕೋಶಗಳ ಕಥೆಯೂ ಹೀಗೆಯೇ. ಗಂಡುಮಗು ತಾಯಿಯ ಹೊಟ್ಟೆಯಲ್ಲಿರುವಾಗ, ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ, ಮತ್ತು ಪ್ರಾಯಕ್ಕೆ ಬರುವ ಮುಂಚೆ ಅವು ವೃದ್ಧಿಯಾಗುತ್ತವೆ. ಮೀಸೆ ಚಿಗುರಿ ದನಿ ಒಡೆಯುವ ಹೊತ್ತಿಗೆ ಅವುಗಳ ವೃದ್ಧಿ ನಿಂತುಹೋಗುತ್ತದೆ. ಒಂದು ದಾದಿ ಇಂತಿಷ್ಟೇ ವೀರ್ಯಾಣುಗಳನ್ನು ಸಾಕಬಲ್ಲಳು. ಆದ್ದರಿಂದ ಆ ಗಂಡಸಿನ ಜೀವಮಾನದ ಗರಿಷ್ಠ ಉತ್ಪತ್ತಿ ಎಷ್ಟೆಂಬುದು ಅವನು ಗಡ್ಡ ಬೋಳಿಸಿಕೊಳ್ಳುವುದಕ್ಕೆ ಮೊದಲೇ ನಿರ್ಧಾರವಾಗಿರುತ್ತದೆ. ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ಗಂಡುಮಗುವಿನ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಒಮ್ಮೆ ಚೆನ್ನಾಗಿ ಏರಿ, ಆರು ತಿಂಗಳ ಹೊತ್ತಿಗೆ ಇಳಿಯುತ್ತದೆಂಬುದು ನನಗೂ ಈಚೆಗೆ ತಿಳಿದ ವಿಷಯ. ತೊಟ್ಟಿಲಲ್ಲಿ ಮಲಗಿದ ಕೂಸಿನೊಳಗೆ ಮುಂದಿನ ಪೀಳಿಗೆಯ ಸಿದ್ಧತೆ ನಡೆದಿರುತ್ತದೆ.

ಇಲ್ಲೊಂದು ಉಪಯುಕ್ತ ಸೂಚನೆ. ತುಂಬು ತಿಂಗಳಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ನೂರಕ್ಕೆ ಮೂವರಂತೆ ವೃಷಣ ಚೀಲಕ್ಕೆ ಇಳಿದಿರುವುದಿಲ್ಲ. ತಿಂಗಳು ತುಂಬದೆ ಹುಟ್ಟಿದವರಲ್ಲಿ ಇದು ಇನ್ನೂ ಹೆಚ್ಚು. ಆರು ತಿಂಗಳಾದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ಒಂದು, ಒಂದೂವರೆ ವರ್ಷದೊಳಗೆ ಚಿಕ್ಕ ಶಸ್ತ್ರಕ್ರಿಯೆಯಿಂದ ಸರಿಪಡಿಸಬಹುದು. "ದೊಡ್ಡವನಾದ ಮೇಲೆ ತಾನಾಗಿ ಇಳಿಯುತ್ತೆ" ಎಂದು ಬಿಟ್ಟರೆ ಒಳಗಿನ ಶಾಖಕ್ಕೆ ಅದು ಬೆಂದು ಹಾಳಾಗುತ್ತದೆ. ಅಜ್ಜಿಯಂದಿರು ಎಣ್ಣೆ ನೀರು ಹಾಕುವಾಗ ಇದನ್ನು ಗಮನಿಸಿ ತಾಯಿಗೆ ಹೇಳಿದರೆ ದೊಡ್ಡ ಉಪಕಾರ.

ಬಾಲ್ಯದ ಮುದ್ರೆ ಮುಪ್ಪಿನವರೆಗೆ ಉಳಿಯುತ್ತದೆ ಎಂಬುದಕ್ಕೆ ನಮ್ಮ ನಾಡಿನದೇ ಸಾಕ್ಷ್ಯವೊಂದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ನಮ್ಮ ಹಿರಿಯರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಅಲ್ಲಿ ಹುಟ್ಟಿದ ಶಿಶುಗಳ ತೂಕವನ್ನು ಪುಸ್ತಕದಲ್ಲಿ ಬರೆದಿಡುತ್ತ ಬಂದಿತ್ತು. ಹೀಗೆ ಹುಟ್ಟಿದವರನ್ನು ಅರ್ಧ ಶತಮಾನದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿ ಕಂಡುಬಂತು. 1996ರಲ್ಲಿ ಇದು ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು ಹೃದಯದ ವಿಷಯ, ಸಂತಾನಶಕ್ತಿಯದಲ್ಲ. ಆದರೆ ತತ್ತ್ವ ಒಂದೇ. ಒಂದು ಆಸ್ಪತ್ರೆಯ ಗುಮಾಸ್ತಿಕೆ ಅಚ್ಚುಕಟ್ಟಾಗಿದ್ದರೆ ಎಷ್ಟು ಪ್ರಯೋಜನ ನೋಡಿ! ಸಂಘದ ರಿಜಿಸ್ಟರು ಬರೆಯುವ ನನಗೆ ಇದನ್ನು ಓದಿ ಸಂತೋಷವಾಯಿತು.

ಹೊಟ್ಟೆಗೆ ಬೀಳದಿರುವುದು ಒಂದು ಬವಣೆಯಾದರೆ, ಹೆದರಿಕೆಯಲ್ಲಿ ಬೆಳೆಯುವುದು ಇನ್ನೊಂದು. ಕುಡಿದು ಬರುವ ಅಪ್ಪ, ಮೂಲೆಯಲ್ಲಿ ಅಳುವ ಅವ್ವ, ಬಾರುಕೋಲು, ಆರನೆಯ ವಯಸ್ಸಿಗೇ ಹಾಸ್ಟೆಲು, ಬೈಗುಳ. ದೇಹ ಇದಕ್ಕೆ ಹೇಗೆ ಪ್ರತಿಕ್ರಿಯಿಸುತ್ತದೆಂಬುದನ್ನು ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಮೊದಲು ತೋರಿಸಿದ. ಅಪಾಯ ಬಂದಾಗ ಅದೇ ಹೈಪೊಥಾಲಮಸ್, ಅದೇ ಪಿಟ್ಯುಟರಿಯ ಮೂಲಕ, ಮೂತ್ರಪಿಂಡದ ತಲೆಯ ಮೇಲಿರುವ ಅಡ್ರಿನಲ್ ಗ್ರಂಥಿಗೆ ಕರೆ ಹೋಗುತ್ತದೆ. ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ಕಾಡಾನೆ ಎದುರಾದಾಗ ಓಡಲು ಇದು ಬೇಕು. ಆದರೆ ಕಾರ್ಟಿಸಾಲ್ ಏರಿದಾಗ ಸಂತಾನದ ಮಿಡಿತ ಕುಗ್ಗುತ್ತದೆ, ಲೈಡಿಗ್ ಕೋಶದ ಕೆಲಸವೂ ತಗ್ಗುತ್ತದೆ. ಆನೆ ಬೆನ್ನಟ್ಟಿರುವಾಗ ಮಗುವಿನ ಯೋಚನೆ ಯಾಕೆ ಎಂಬುದು ದೇಹದ ಲೆಕ್ಕಾಚಾರ, ತಪ್ಪೇನೂ ಅಲ್ಲ. ಆನೆ ದಿನವೂ ಮನೆಯೊಳಗೇ ಇದ್ದರೆ?

ಕೆನಡದ ಮಾಂಟ್ರಿಯಲ್ ನಗರದ ವಿಜ್ಞಾನಿಗಳು ಇಲಿಗಳಲ್ಲಿ ಒಂದು ಸೊಗಸಾದ ಪರೀಕ್ಷೆ ಮಾಡಿದರು. ಮರಿಗಳನ್ನು ಚೆನ್ನಾಗಿ ನೆಕ್ಕಿ ಸಾಕುವ ತಾಯಿಯೂ ಉಂಟು, ಅಷ್ಟಾಗಿ ಹಚ್ಚಿಕೊಳ್ಳದ ತಾಯಿಯೂ ಉಂಟು. ಎರಡನೆಯ ಬಗೆಯ ತಾಯಿಯ ಮರಿಗಳು ದೊಡ್ಡವಾದ ಮೇಲೂ ಸಣ್ಣ ಸದ್ದಿಗೆ ಬೆಚ್ಚುತ್ತಿದ್ದವು. ಅವುಗಳಲ್ಲಿ ಕಾರ್ಟಿಸಾಲಿನಂಥ ಹಾರ್ಮೋನು ಏರಿದರೆ ಬೇಗ ಇಳಿಯುತ್ತಿರಲಿಲ್ಲ. 2004ರಲ್ಲಿ ಅವರು ತೋರಿಸಿದ್ದೇನೆಂದರೆ, ಮಿದುಳಿನಲ್ಲಿ ಈ ಹಾರ್ಮೋನಿಗೆ ಕಡಿವಾಣ ಹಾಕುವ ಜೀನಿನ ಮೇಲೆಯೇ ತಾಯಿಯ ಆರೈಕೆಯ ಗುರುತು ಬಿದ್ದಿರುತ್ತದೆ. ಜೀನು ಬದಲಾಗಿಲ್ಲ, ಅದರ ಮೇಲಿನ ಬೀಗ ಬದಲಾಗಿದೆ. ಒಳ್ಳೆಯ ತಾಯಿಯ ಮಡಿಲಿಗೆ ಹಾಕಿದ ಮರಿ ಒಳ್ಳೆಯ ತಾಯಿಯ ಮರಿಯಂತೆಯೇ ಬೆಳೆಯಿತು ಎಂಬುದನ್ನೂ ಗಮನಿಸಬೇಕು.

ಬೆಳೆದ ಗಂಡಸರ ಮೇಲೆ ಮಾನಸಿಕ ಒತ್ತಡದ ಪರಿಣಾಮವನ್ನು ಡೆನ್ಮಾರ್ಕಿನಲ್ಲಿ ನೋಡಿದ್ದಾರೆ. ಅಲ್ಲಿ ಸೈನ್ಯದ ಭರ್ತಿಗೆ ಬರುವ ಯುವಕರನ್ನೇ ಇಂಥ ಅಧ್ಯಯನಕ್ಕೆ ಕೇಳಿಕೊಳ್ಳುವ ಪದ್ಧತಿ ಇದೆ. 2016ರಲ್ಲಿ ಪ್ರಕಟವಾದ, 1,215 ಯುವಕರ ವರದಿಯ ಪ್ರಕಾರ, ಅತಿ ಹೆಚ್ಚು ಒತ್ತಡದಲ್ಲಿರುವವರ ವೀರ್ಯಾಣು ಸಾಂದ್ರತೆ ಮಧ್ಯಮ ಒತ್ತಡದವರಿಗಿಂತ ಮೂರನೆಯ ಒಂದು ಪಾಲಿಗೂ ಹೆಚ್ಚು ಕಡಿಮೆ ಇತ್ತು. ಬಾಲ್ಯದ ಬವಣೆಯೊಂದರಿಂದಲೇ ಮನುಷ್ಯನ ವೀರ್ಯಾಣು ಕಡಿಮೆಯಾಗುತ್ತದೆಂಬ ನೇರ ಸಾಕ್ಷ್ಯ ಮಾತ್ರ ಇನ್ನೂ ತೆಳುವಾಗಿದೆ, ಹೆಚ್ಚಿನದು ಇಲಿ ಹೆಗ್ಗಣಗಳಿಂದ ಬಂದದ್ದು. ಆದರೆ ಬಾಲ್ಯದಿಂದ ಬಾಟಲಿಗೆ ಹೋಗುವ ದಾರಿ ಬಹಳ ಸ್ಪಷ್ಟವಾಗಿದೆ. 1998ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಿದರು. ಹೊಡೆತ, ಅವಮಾನ, ತಾಯಿಯ ಮೇಲಿನ ಹಿಂಸೆ, ಮನೆಯಲ್ಲಿ ಕುಡುಕರು, ಹೀಗೆ ಏಳು ಬಗೆಯ ಕಷ್ಟಗಳು. ಇವುಗಳಲ್ಲಿ ನಾಲ್ಕಕ್ಕೆ ಕಡಿಮೆಯಿಲ್ಲದಷ್ಟನ್ನು ಉಂಡವರಲ್ಲಿ, ಏನೂ ಉಣ್ಣದವರಿಗೆ ಹೋಲಿಸಿದರೆ ಮದ್ಯವ್ಯಸನ, ಮಾದಕ ವಸ್ತುಗಳ ಚಟ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ ಇವು ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಾಗಿದ್ದವು.

ಇನ್ನು ಮದ್ಯ. ನಮ್ಮ ಸೀಮೆಯಲ್ಲಿ ಇದರ ಬಗ್ಗೆ ಬರೆಯುವವನು ಮೊದಲು ತನ್ನ ಕೈ ತೊಳೆದುಕೊಂಡಿರಬೇಕು. ನಾನು ತೊಳೆದುಕೊಂಡವನಲ್ಲ. ಕೊಯ್ಲು ಮುಗಿದ ದಿನ ಆಳುಗಳಿಗೆ "ಖುಷಿಗೆ" ಎಂದು ದುಡ್ಡು ಕೊಡುವ ಪದ್ಧತಿಯನ್ನು ನಮ್ಮ ತಂದೆಯಿಂದ ಕಲಿತು ನಾನೂ ಬಹಳ ವರ್ಷ ನಡೆಸಿಕೊಂಡು ಬಂದೆ. ಅದು ಎಲ್ಲಿಗೆ ಹೋಗುತ್ತದೆಂದು ಗೊತ್ತಿದ್ದೇ ಕೊಟ್ಟೆ. ಅಂದು ರಾತ್ರಿ ಲೈನ್ ಮನೆಗಳಲ್ಲಿ ಮಕ್ಕಳು ಯಾವ ಸದ್ದು ಕೇಳುತ್ತ ಮಲಗಿದರು ಎಂದು ಯೋಚಿಸಲಿಲ್ಲ. 2007ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಇದೆಲ್ಲ ನಿಂತೀತೆಂದು ಭಾವಿಸಿದವರಲ್ಲಿ ನಾನೂ ಒಬ್ಬ. ಪ್ಯಾಕೆಟ್ ಸಾರಾಯಿಯ ಜಾಗಕ್ಕೆ ತೊಂಬತ್ತು ಮಿಲಿಯ ಪೊಟ್ಟಣ ಬಂತು, ಅಷ್ಟೆ.

ಮದ್ಯವು ಮೂರು ಕಡೆಯಿಂದ ಹೊಡೆಯುತ್ತದೆ. ಮಿದುಳಿನ ಮಿಡಿತವನ್ನು ಮಂಕಾಗಿಸುತ್ತದೆ. ವೃಷಣದಲ್ಲಿ ಟೆಸ್ಟೋಸ್ಟಿರಾನ್ ತಯಾರಿಕೆಯನ್ನು ನೇರವಾಗಿಯೇ ತಡೆಯುತ್ತದೆ. ಯಕೃತ್ತು ಕೆಟ್ಟಾಗ ದೇಹದಲ್ಲಿ ಹೆಣ್ಣು ಹಾರ್ಮೋನಿನ ಪಾಲು ಮೇಲಾಗುತ್ತದೆ. ಹಳೆಯ ಕುಡುಕರಲ್ಲಿ ಎದೆ ಹೆಂಗಸರಂತೆ ಉಬ್ಬುವುದು, ವೃಷಣ ಸಣ್ಣದಾಗುವುದು, ಮೈಮೇಲಿನ ಕೂದಲು ಉದುರುವುದು ಇವನ್ನೆಲ್ಲ ನೀವು ನೋಡಿರಬಹುದು. ಇದಕ್ಕೆ ಕಾಯಿಲೆಯ ಯಕೃತ್ತೇ ಕಾರಣ, ಮದ್ಯವಲ್ಲ ಎಂಬ ವಾದ ಹಿಂದೆ ಇತ್ತು. 1976ರಲ್ಲಿ ನ್ಯೂಯಾರ್ಕಿನ ವೈದ್ಯರು ಯಾವ ಕಾಯಿಲೆಯೂ ಇಲ್ಲದ ಗಂಡಸರಿಗೆ ನಾಲ್ಕು ವಾರದವರೆಗೆ ಲೆಕ್ಕ ಹಾಕಿ ಮದ್ಯ ಕೊಟ್ಟು ರಕ್ತ ಪರೀಕ್ಷಿಸಿದರು. ಯಕೃತ್ತು ಸರಿಯಿದ್ದವರಲ್ಲೇ ಟೆಸ್ಟೋಸ್ಟಿರಾನ್ ಇಳಿಯಿತು. ವಾದ ಅಲ್ಲಿಗೆ ಮುಗಿಯಿತು.

ಅದಕ್ಕೆ ಎರಡು ವರ್ಷ ಮೊದಲು, 1974ರಲ್ಲಿ, ಇನ್ನೊಂದು ಕುತೂಹಲದ ಸಂಗತಿ ಹೊರಬಂದಿತ್ತು. ವೀರ್ಯಾಣು ತಯಾರಾಗಲು ಎ ಜೀವಸತ್ವ ಬೇಕು. ವೃಷಣದಲ್ಲಿ ಅದನ್ನು ಬಳಕೆಯ ರೂಪಕ್ಕೆ ತರುವ ಕಿಣ್ವವೇ ಮದ್ಯವನ್ನೂ ಒಡೆಯುವ ಕಿಣ್ವ. ಊರಿಗೆಲ್ಲ ಒಂದೇ ಪಲ್ಪರ್ ಇದ್ದು, ಪಕ್ಕದವನು ಹಣ್ಣು ತಂದು ಸುರಿದುಬಿಟ್ಟರೆ ನಮ್ಮ ಹಣ್ಣು ಮೂಟೆಯಲ್ಲೇ ಹುಳಿ ಬರುತ್ತದಲ್ಲ, ಹಾಗೆ. ಮದ್ಯ ಇರುವಷ್ಟು ಹೊತ್ತು ಜೀವಸತ್ವಕ್ಕೆ ಸರದಿ ಸಿಗುವುದಿಲ್ಲ.

ಎಷ್ಟು ಕುಡಿದರೆ ತೊಂದರೆ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಇದಕ್ಕೂ ಡೆನ್ಮಾರ್ಕಿನ ಯುವಕರೇ ಉತ್ತರ ಕೊಟ್ಟಿದ್ದಾರೆ. 2008ರಿಂದ 2012ರವರೆಗೆ 1,221 ಯುವಕರನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ವಾರಕ್ಕೆ ಐದು ಅಳತೆ ದಾಟಿದವರಲ್ಲೇ ವೀರ್ಯದ ಗುಣ ಇಳಿಯಲು ತೊಡಗುತ್ತದೆ. ಇಪ್ಪತ್ತೈದು ದಾಟಿದವರಲ್ಲಿ ಇಳಿತ ಎದ್ದು ಕಾಣುತ್ತದೆ. ನಲವತ್ತು ದಾಟಿದವರ ಸಾಂದ್ರತೆ ಮೂರನೆಯ ಒಂದು ಪಾಲು ಕಡಿಮೆ. ಅವರ ಒಂದು ಅಳತೆ ಎಂದರೆ 12 ಗ್ರಾಂ ಶುದ್ಧ ಮದ್ಯಸಾರ. ಇದನ್ನು ನಮ್ಮ ಅಂಗಡಿಯ ಭಾಷೆಗೆ ತಿರುಗಿಸಿ ನೋಡಿದೆ. ಶೇಕಡ 42.8ರ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ 30 ಮಿಲಿಯ ಸಣ್ಣ ಪೆಗ್ಗಿಗೆ 10 ಗ್ರಾಂ. ನೈಂಟಿಗೆ 30 ಗ್ರಾಂ, ಕ್ವಾರ್ಟರಿಗೆ 60 ಗ್ರಾಂ. ಅಂದರೆ ವಾರಕ್ಕೆ ಐದು ಅಳತೆ ಎಂದರೆ ವಾರಕ್ಕೆ ಒಂದೇ ಒಂದು ಕ್ವಾರ್ಟರ್! ಇಪ್ಪತ್ತೈದು ಅಳತೆ ಎಂದರೆ ಐದು ಕ್ವಾರ್ಟರ್. "ನಾನು ಬಿಯರ್ ಮಾತ್ರ" ಎನ್ನುವವರ ಸಮಾಧಾನವೂ ಹುಸಿ. ಶೇಕಡ 7ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ 36 ಗ್ರಾಂ ಇರುತ್ತದೆ, ನೈಂಟಿಗಿಂತ ಜಾಸ್ತಿ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಡೆನ್ಮಾರ್ಕಿನದು ಒಂದೇ ಸಲ ನೋಡಿ ಬರೆದ ಲೆಕ್ಕ, ಕುಡಿತವೇ ಕಾರಣವೆಂದು ಅದೊಂದರಿಂದಲೇ ತೀರ್ಮಾನಿಸಲಾಗದು. 2017ರಲ್ಲಿ ಹದಿನೈದು ಅಧ್ಯಯನಗಳ ಹದಿನಾರು ಸಾವಿರಕ್ಕೂ ಹೆಚ್ಚು ಗಂಡಸರ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನವೂ ಕುಡಿಯುವವರಿಗೂ ಅಪರೂಪಕ್ಕೆ ಕುಡಿಯುವವರಿಗೂ ವ್ಯತ್ಯಾಸ ಸ್ಪಷ್ಟವಿತ್ತು. ಅಪರೂಪಕ್ಕೆ ಕುಡಿಯುವವರಿಗೂ ಮುಟ್ಟದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಮದುವೆಮನೆಯ ಒಂದು ರಾತ್ರಿಗಲ್ಲ, ದಿನದ ನೈಂಟಿಗೆ ಹೆದರಬೇಕು.

ಬಾಲ್ಯ ಮತ್ತು ಮದ್ಯ ಎರಡೂ ಒಂದೇ ಮಗುವಿನಲ್ಲಿ ಸೇರುವ ಪ್ರಸಂಗವೂ ಇದೆ. 2010ರಲ್ಲಿ, ಅದೇ ಡೆನ್ಮಾರ್ಕಿನಲ್ಲಿ, 1980ರ ದಶಕದ ಗರ್ಭಿಣಿಯರ ದಾಖಲೆ ತೆಗೆದು ಅವರ ಗಂಡುಮಕ್ಕಳಲ್ಲಿ 347 ಮಂದಿಯನ್ನು ಪರೀಕ್ಷಿಸಿದರು. ಗರ್ಭಿಣಿಯಾಗಿದ್ದಾಗ ವಾರಕ್ಕೆ ನಾಲ್ಕೂವರೆ ಅಳತೆಯೋ ಅದಕ್ಕಿಂತ ಹೆಚ್ಚೋ ಕುಡಿದಿದ್ದ ತಾಯಂದಿರ ಮಕ್ಕಳಲ್ಲಿ ವೀರ್ಯಾಣು ಸಾಂದ್ರತೆ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಕಡಿಮೆ ಇತ್ತು. ನಮ್ಮಲ್ಲಿ ಹೆಂಗಸರು ಕುಡಿಯುವುದಿಲ್ಲ ಎಂದು ಯಾರೂ ಎದೆಯುಬ್ಬಿಸಬೇಕಾಗಿಲ್ಲ. ಮಳೆಗಾಲದಲ್ಲಿ ಲೈನ್ ಮನೆಗಳಲ್ಲಿ ಏನು ನಡೆಯುತ್ತದೆ, ಚಳಿಗೆಂದು ಬಾಣಂತಿಗೆ ಏನು ಕೊಡುತ್ತಾರೆ ಎಂಬುದು ತೋಟದವರಿಗೆ ಗೊತ್ತಿದೆ.

ತಂದೆಯ ಪಾಲೂ ಇದೆ. ವೀರ್ಯಾಣುವಿನ ಜೊತೆ ಜೀನುಗಳಲ್ಲದೆ ಸಣ್ಣ ಆರ್‌ಎನ್‌ಎ ಎಂಬ ಚೂರುಗಳೂ ಹೋಗುತ್ತವೆ. 2014ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ, ತಾಯಿಯಿಂದ ಮೇಲಿಂದ ಮೇಲೆ ಬೇರ್ಪಡಿಸಿ ಬೆಳೆಸಿದ ಗಂಡಿಲಿಗಳ ವೀರ್ಯದಿಂದ ಈ ಆರ್‌ಎನ್‌ಎ ತೆಗೆದು, ಬೇರೆ ಇಲಿಯ ಫಲಿತ ಅಂಡಕ್ಕೆ ಹಾಕಿದರು. ಆ ಕಷ್ಟವನ್ನೇ ಕಾಣದ ಮರಿಗಳು ಕಷ್ಟ ಕಂಡವುಗಳಂತೆ ವರ್ತಿಸಿದವು. 2018ರಲ್ಲಿ ಅಮೆರಿಕದಲ್ಲಿ, ಬಾಲ್ಯದಲ್ಲಿ ಬಹಳ ಹಿಂಸೆ ಅನುಭವಿಸಿದ್ದ ಕೆಲವೇ ಗಂಡಸರ ವೀರ್ಯಾಣುಗಳಲ್ಲಿ ಇಂಥ ಎರಡು ಬಗೆಯ ಚೂರುಗಳು ಕಡಿಮೆಯಿದ್ದುದನ್ನು ಕಂಡರು. 2023ರಲ್ಲಿ ಟೆಕ್ಸಾಸಿನಲ್ಲಿ, ಮದ್ಯ ಕುಡಿಸಿದ ಗಂಡಿಲಿಗಳ ಮರಿಗಳ ಮುಖದ ಬೆಳವಣಿಗೆಯಲ್ಲೇ ದೋಷ ಕಂಡುಬಂತು. ಇಲಿಯಲ್ಲಿ ಕಂಡದ್ದನ್ನೆಲ್ಲ ಮನುಷ್ಯನಿಗೆ ಅಂಟಿಸಬಾರದು. ಆದರೂ ಗರ್ಭಿಣಿಗೆ ಮಾತ್ರ ಪಥ್ಯ, ಗಂಡನಿಗೇನೂ ಇಲ್ಲ ಎಂಬ ನಮ್ಮ ಪದ್ಧತಿ ಇನ್ನು ಹೆಚ್ಚು ಕಾಲ ನಿಲ್ಲಲಾರದು.

ಪಕ್ಕದ ಮಾತೊಂದು. ತೋಟದವರು ಬಾಲ್ಯದ ಬವಣೆ ಎಂದಾಗ ವಿಷವನ್ನು ಮರೆಯುವಂತಿಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಸುರಿಯಿತು. ಅಲ್ಲಿಯ ಹಳ್ಳಿಯೊಂದರ 10ರಿಂದ 19 ವರ್ಷದ 117 ಹುಡುಗರನ್ನು ಬೇರೆ ಹಳ್ಳಿಯ 90 ಹುಡುಗರೊಂದಿಗೆ ಹೋಲಿಸಿದ ವರದಿ 2003ರಲ್ಲಿ ಬಂತು. ಅವರಲ್ಲಿ ಪ್ರಾಯಕ್ಕೆ ಬರುವುದು ತಡವಾಗಿತ್ತು, ಟೆಸ್ಟೋಸ್ಟಿರಾನ್ ಕಡಿಮೆ ಇತ್ತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. ಜಂತುಹುಳುವಿಗೆ ಬಳಸುತ್ತಿದ್ದ ಡಿಬಿಸಿಪಿ ಎಂಬ ಔಷಧಿಯನ್ನು ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯದ ಕಾರ್ಮಿಕರಲ್ಲಿ ಅನೇಕರು ಬಂಜೆಯಾಗಿದ್ದಾರೆಂದು 1977ರಲ್ಲಿ ಪತ್ತೆಯಾಯಿತು. ಅದೂ ನಮ್ಮಲ್ಲಿ ನಿಷೇಧಿತ ಪಟ್ಟಿಯಲ್ಲಿದೆ. ಹಳೆಯ ಗೋದಾಮಿನ ಮೂಲೆಯಲ್ಲಿ ತುಕ್ಕು ಹಿಡಿದ ಡಬ್ಬಗಳಿದ್ದರೆ ಮಕ್ಕಳ ಕೈಗೆ ಸಿಗದಂತೆ ಮಾಡಿ, ಕಚೇರಿಗೆ ತಿಳಿಸಿ.

ಗುಟ್ಕದ ಬಗ್ಗೆ ಬರೆಯಲು ಅಡಿಕೆ ಬೆಳೆಗಾರರ ಸಂಘದ ಕಾರ್ಯದರ್ಶಿಗೆ ನಾಲಗೆ ತಡವರಿಸುತ್ತದೆ. ಆದರೆ ಅಗಿಯುವ ತಂಬಾಕು ವೀರ್ಯದ ಗುಣವನ್ನು ಕೆಡಿಸುತ್ತದೆಂಬುದು ನಮ್ಮ ದೇಶದ ಗಂಡಸರಲ್ಲೇ ಕಂಡ ಸಂಗತಿ, ಹೆಚ್ಚು ಅಗಿದಷ್ಟೂ ಹೆಚ್ಚು. ಕಾಫಿಯ ವಿಷಯದಲ್ಲಿ ಮಾತ್ರ ಧೈರ್ಯವಾಗಿ ಹೇಳಬಹುದು. 2010ರಲ್ಲಿ 2,554 ಯುವಕರನ್ನು ನೋಡಿದಾಗ, ದಿನಕ್ಕೆ 800 ಮಿಲಿಗ್ರಾಂ ಒಳಗಿನ ಕೆಫೀನಿನಿಂದ ವೀರ್ಯಕ್ಕೆ ಹಾನಿ ಕಾಣಲಿಲ್ಲ. ಕಾಫಿ ಕುಡಿಯಿರಿ.

ಪರೀಕ್ಷೆಯ ವಿಷಯ. ಎರಡರಿಂದ ಏಳು ದಿನ ಸಂಯಮದಿಂದಿದ್ದು, ಶುದ್ಧವಾದ ಡಬ್ಬದಲ್ಲಿ ವೀರ್ಯ ಕೊಡಬೇಕು. ಮನೆಯಿಂದ ತರುವುದಾದರೆ ಮೈಶಾಖದಲ್ಲಿಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಬೇಕು. ಕೆಲವು ನೂರು ರೂಪಾಯಿಯ ಖರ್ಚು, ನೋವಿಲ್ಲ, ಗಾಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಮಿತಿ ಮಿಲಿಲೀಟರಿಗೆ 160 ಲಕ್ಷ, ಚಲನೆ ಶೇಕಡ 42. ಇದಕ್ಕಿಂತ ಕಡಿಮೆ ಬಂದರೆ ಮಗು ಆಗುವುದೇ ಇಲ್ಲವೆಂದಲ್ಲ, ಇನ್ನೊಮ್ಮೆ ಪರೀಕ್ಷೆ ಮಾಡಿಸಿ ವೈದ್ಯರನ್ನು ಕಾಣಬೇಕೆಂದು. ಯಾರೋ ಹೇಳಿದರೆಂದು "ಶಕ್ತಿ"ಗೆ ಟೆಸ್ಟೋಸ್ಟಿರಾನ್ ಚುಚ್ಚುಮದ್ದು ತೆಗೆದುಕೊಳ್ಳಬಾರದು. ಹೊರಗಿನಿಂದ ಬಂದ ಹಾರ್ಮೋನು ನೋಡಿ ಮಿದುಳು ತನ್ನ ಅಪ್ಪಣೆ ನಿಲ್ಲಿಸಿಬಿಡುತ್ತದೆ, ವೀರ್ಯಾಣು ಪೂರ್ತಿ ನಿಂತುಹೋಗಬಹುದು. ಹಾಗೆಯೇ ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿದವರು ಇದನ್ನು ಓದಿ ನಾಳೆಯಿಂದಲೇ ಒಮ್ಮೆಗೇ ಬಿಡಬಾರದು. ಎರಡು ಮೂರು ದಿನದಲ್ಲಿ ನಡುಕ, ಫಿಟ್ಸು, ಬುದ್ಧಿಭ್ರಮೆ ಬಂದು ಜೀವಕ್ಕೆ ಅಪಾಯವಾಗುವುದುಂಟು. ವೈದ್ಯರ ಮೂಲಕ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮೊದಲು ಹೇಳಿದ ಗೌಡರ ಮಗ, ತಂದೆಗೆ ತಿಳಿಸದೆ, ಒಂದು ಸಂಜೆ ಗೊಬ್ಬರದ ನೆಪದಲ್ಲಿ ಕಚೇರಿಗೆ ಬಂದ. "ಅಣ್ಣಾ, ಅಪ್ಪಯ್ಯನ ಹತ್ರ ಏನೋ ಕೇಳಿದ್ರಂತೆ" ಎಂದು ನೆಲ ನೋಡುತ್ತ ನಿಂತ. ಪೇಟೆಗೆ ಜೊತೆಯಲ್ಲಿ ಹೋದೆವು. 60 ಲಕ್ಷ, ಚಲನೆ ಶೇಕಡ 18. ಇಪ್ಪತ್ತು ದಿನ ಬಿಟ್ಟು ಮತ್ತೆ ನೋಡಿದಾಗಲೂ ಹೆಚ್ಚುಕಡಿಮೆ ಅಷ್ಟೆ. ರಕ್ತನಾಳದ ಊತ, ಸೋಂಕು ಯಾವುದೂ ಇಲ್ಲ. ವೈದ್ಯರು ಕುಡಿತದ ಬಗ್ಗೆ ಕೇಳಿದಾಗ ಹತ್ತೊಂಬತ್ತನೆಯ ವಯಸ್ಸಿನಿಂದ ದಿನಕ್ಕೊಂದು ನೈಂಟಿ, ಜೊತೆಗೆ ಗುಟ್ಕ ಎಂದ. ನಮ್ಮ ಲೆಕ್ಕದಲ್ಲಿ ವಾರಕ್ಕೆ ಹದಿನೇಳು ಅಳತೆ. ಯಾಕೆ ಶುರುಮಾಡಿದೆ ಎಂದು ಅವರು ಕೇಳಲಿಲ್ಲ. ವಾಪಸು ಬರುವಾಗ ಜೀಪಿನಲ್ಲಿ ಅವನೇ ಹೇಳಿದ. ಚಿಕ್ಕಂದಿನಲ್ಲಿ ರಾತ್ರಿ ಅಪ್ಪಯ್ಯನ ಜೀಪಿನ ಸದ್ದು ಕೇಳಿದರೆ ಕಾಫಿ ಮೂಟೆಗಳ ಸಂದಿಯಲ್ಲಿ ಹೋಗಿ ಮಲಗುತ್ತಿದ್ದನಂತೆ. ಈಗಲೂ ಕತ್ತಲಾದ ಮೇಲೆ ಒಂದು ಗುಟುಕು ಬೀಳದಿದ್ದರೆ ನಿದ್ದೆ ಬರುವುದಿಲ್ಲ ಎಂದ.

ವೈದ್ಯರ ಸಹಾಯದಿಂದ ಎರಡನ್ನೂ ಬಿಟ್ಟ. ನಡುವೆ ಒಮ್ಮೆ ಜಾರಿದ, ಮತ್ತೆ ಎದ್ದ. ನಾಲ್ಕು ತಿಂಗಳ ಮೇಲೆ ನೋಡಿದಾಗ 170 ಲಕ್ಷ, ಚಲನೆ ಶೇಕಡ 35. ಇದು ಒಬ್ಬನ ಲೆಕ್ಕ, ಎಲ್ಲರಿಗೂ ಹೀಗೇ ಆಗುತ್ತದೆಂದು ತಿಳಿಯಬಾರದು. ವೃಷಣ ಪೂರ್ತಿ ಸವೆದವರಿಗೆ ಬಿಟ್ಟರೂ ಮರಳುವುದಿಲ್ಲ. ಮಗು ಇನ್ನೂ ಆಗಿಲ್ಲ. ಆ ಹುಡುಗಿಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಕರೆದೊಯ್ಯುವುದು ಮಾತ್ರ ನಿಂತಿದೆ.

ಗೌಡರು ಮೊನ್ನೆ ಅಡಮಾನದ ಅಡಿಕೆ ಬಿಡಿಸಿಕೊಳ್ಳಲು ಬಂದಿದ್ದರು. ಅವರು ಕುಡಿತ ಬಿಟ್ಟು ಈಗ ಹದಿನೈದು ವರ್ಷವಾಗಿದೆ. ಬಡ್ಡಿ ಕಟ್ಟಿ ರಸೀದಿ ತೆಗೆದುಕೊಂಡ ಮೇಲೂ ಎದ್ದು ಹೋಗಲಿಲ್ಲ. ಗುಮಾಸ್ತರು ಊಟಕ್ಕೆ ಹೋಗುವವರೆಗೆ ಕಾದು, "ನಾನು ಅವನಿಗೆ ಹೊಡೆದಿದ್ದೂ ಇದರಲ್ಲಿ ಸೇರುತ್ತಾ ಮಾರಾಯ?" ಎಂದು ಕೇಳಿದರು.

"ಅಂಥ ಲೆಕ್ಕ ಯಾವ ಲ್ಯಾಬಿನಲ್ಲೂ ಸಿಗಲ್ಲ ಗೌಡ್ರೆ. ಅವನ ಹತ್ರ ಮಾತಾಡಿ" ಎಂದೆ. ಸ್ವಲ್ಪ ಹೊತ್ತು ಕೂತಿದ್ದು, ಛತ್ರಿ ತೆಗೆದುಕೊಂಡು ಹೊರಟರು.

ಬರುವ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಂಘದ ಗೋದಾಮಿನ ಮಹಡಿಯಲ್ಲಿ ವೈದ್ಯರೊಬ್ಬರು ಈ ವಿಷಯವಾಗಿ ಮಾತಾಡಲು ಒಪ್ಪಿದ್ದಾರೆ. ಮದುವೆಯಾದ, ಆಗಲಿರುವ ಗಂಡಸರು ಬರಬೇಕು. ಆಳುಗಳನ್ನೂ ಕಳಿಸಿಕೊಡಿ, ಅಂದಿನ ಸಂಬಳ ಹಿಡಿಯಬೇಡಿ. ಕೇಳಲು ಸಂಕೋಚವಿರುವವರು ಪ್ರಶ್ನೆಯನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಕಚೇರಿಯ ಬಾಗಿಲ ಪಕ್ಕದ ಪೆಟ್ಟಿಗೆಗೆ ಹಾಕಬಹುದು. ಅದರ ಬೀಗದ ಕೈ ನನ್ನೊಬ್ಬನ ಬಳಿ ಇದೆ.

— ಕಾರ್ಯದರ್ಶಿ